8051, ಪಿಕ್, ಎವಿಆರ್ ಮೂರಕ್ಕೂ ಒಂದೇ ಅಸೆಂಬ್ಲರ್ ಸಾಕಾ? ಯಾವ ಚಿಪ್‌ಗೆ ಯಾವುದು ಹಿಡಿಯಬೇಕು?

ಚಿಂತಾಮಣಿ_ಸರ್ಕ್ಯೂಟ್

ಎಲ್ಲರಿಗೂ ನಮಸ್ಕಾರ. ಬೋರ್‌ವೆಲ್ ಪಂಪ್ ಸ್ಟಾರ್ಟರ್ ಒಳಗೆ ಕೂರುವ ಕಂಟ್ರೋಲ್ ಬೋರ್ಡ್‌ಗಳ ಕೋಡ್ ಬಗ್ಗೆ ಪ್ರಶ್ನೆ. ಮೂರು ಥರದ ಬೋರ್ಡ್ ಇವೆ. ಹಳೇದರಲ್ಲಿ ಎಟಿ89ಎಸ್52 (8051 ಜಾತಿ), ನಡುವಿನದರಲ್ಲಿ ಪಿಕ್16ಎಫ್877ಎ, ಈಚಿನದರಲ್ಲಿ ಎಟಿಮೆಗಾ328ಪಿ (ಎವಿಆರ್ ಜಾತಿ). ಮೂರಕ್ಕೂ ಅಸೆಂಬ್ಲಿ ಸೋರ್ಸ್ (ಚಿಪ್ಪಿನ ಆದೇಶಗಳನ್ನು ಹೆಸರಿನಿಂದ ಬರೆದ ಕೋಡ್; ಅದನ್ನು ಚಿಪ್ಪಿನ ಸಂಖ್ಯೆಗಳಿಗೆ ತಿರುಗಿಸುವುದು ಅಸೆಂಬ್ಲರ್) ಕೈಯಲ್ಲಿದೆ. 8051ದು ಕೀಲ್ ಎ51ಗೆ ಬರೆದದ್ದು, ಪಿಕ್‌ದು ಎಂಪಿಆಸ್ಮ್‌ಗೆ, ಎವಿಆರ್‌ದು ಎವಿಆರ್‌ಆಸ್ಮ್2ಗೆ. ಈಗ ಎಲ್ಲವನ್ನೂ ಒಂದು ಲಿನಕ್ಸ್ ಲ್ಯಾಪ್‌ಟಾಪ್‌ಗೆ ತರಬೇಕು.

ಮೂರನ್ನೂ ಒಂದೇ ಅಸೆಂಬ್ಲರ್‌ನಲ್ಲಿ ನಡೆಸಬಹುದಾ? ಮುಂದೆ ಹೊಸ ಬೋರ್ಡ್ ಮಾಡಿದರೆ ಯಾವ ಚಿಪ್, ಯಾವ ಅಸೆಂಬ್ಲರ್ ಹಿಡಿಯುವುದು ಒಳ್ಳೆಯದು?

ಕ್ಯಾತ್ಸಂದ್ರ_ಹೆಕ್ಸ್

ಸರ್, ಮೊದಲು ಒಂದು ಮಾತು. ಹಳೆ ಸೋರ್ಸನ್ನು ಹೊಸ ಅಸೆಂಬ್ಲರ್‌ಗೆ ತರುವುದಕ್ಕೆ ಮುಂಚೆ, ಅದು ಯಾವ ಅಸೆಂಬ್ಲರ್‌ಗೆ ಬರೆದದ್ದೋ ಅದರಲ್ಲೇ ಒಮ್ಮೆ ಬಿಲ್ಡ್ ಮಾಡಿ, ಬಂದ ಹೆಕ್ಸ್ ಫೈಲನ್ನು (ಚಿಪ್ಪಿಗೆ ಹಾಕುವ ಫೈಲ್) ಭದ್ರವಾಗಿ ಎತ್ತಿಡಿ. ಅದೇ ನಿಮ್ಮ ಅಳತೆಗೋಲು. ಅದಿಲ್ಲದೆ ಪೋರ್ಟ್ ಮಾಡಿದರೆ (ಹೊಸ ಅಸೆಂಬ್ಲರ್‌ಗೆ ತಂದರೆ), ತಪ್ಪು ಮೂಲ ಕೋಡಿನಲ್ಲಿತ್ತೋ ಪೋರ್ಟ್ ಮಾಡುವಾಗ ಬಂತೋ ಅನ್ನುವುದು ಗೊತ್ತಾಗುವುದೇ ಇಲ್ಲ.

ಚಿಪ್‌ನ ಲಾಕ್ ಬಿಟ್ (ಒಳಗಿನ ಕೋಡ್ ಓದಲು ಬಿಡದ ಬೀಗ) ಹಾಕಿರದಿದ್ದರೆ, ನಡೆಯುತ್ತಿರುವ ಒಂದು ಬೋರ್ಡಿನ ಚಿಪ್ಪನ್ನೂ ಪ್ರೋಗ್ರಾಮರ್‌ನಲ್ಲಿ ಓದಿಕೊಳ್ಳಿ. ಎಷ್ಟೋ ಸಲ ಕೈಯಲ್ಲಿರುವ ಸೋರ್ಸೇ ಬೇರೆ, ಚಿಪ್ಪಿನಲ್ಲಿ ಕೂತಿರುವುದೇ ಬೇರೆ ಆವೃತ್ತಿ ಆಗಿರುತ್ತೆ.

ಹೋಲಿಸುವಾಗ ಎರಡು ಹೆಕ್ಸ್ ಫೈಲನ್ನು ಪಕ್ಕಪಕ್ಕ ಇಟ್ಟು ಸಾಲು ನೋಡಬೇಡಿ. ಇಂಟೆಲ್ ಹೆಕ್ಸ್‌ನಲ್ಲಿ ಒಂದು ಟೂಲ್ ಸಾಲಿಗೆ 16 ಬೈಟ್ ಬರೆದರೆ ಇನ್ನೊಂದು 32 ಬರೆಯುತ್ತೆ. ಒಳಗಿನ ಡೇಟಾ ಒಂದೇ ಆದರೂ ಒಂದು ಸಾಲೂ ಹೊಂದಲ್ಲ, ಚೆಕ್‌ಸಮ್ ಕೂಡ ಬೇರೆ. ಎರಡನ್ನೂ ಫೈಲಿನ ರೂಪ ಬದಲಿಸುವ ಆಬ್ಜ್‌ಕಾಪಿ ಬಳಸಿ ಐಹೆಕ್ಸ್‌ನಿಂದ ಬೈನರಿಗೆ ತಿರುಗಿಸಿ, ಗ್ಯಾಪ್ ಫಿಲ್ ಆಯ್ಕೆಯಲ್ಲಿ 0ಎಕ್ಸ್ಎಫ್ಎಫ್ ಕೊಡಿ. ಹಾಗೆ ಕೊಡದಿದ್ದರೆ ಖಾಲಿ ಜಾಗಕ್ಕೆ ಸೊನ್ನೆ ತುಂಬುತ್ತೆ. ಅಳಿಸಿದ ಫ್ಲ್ಯಾಷ್‌ನಲ್ಲಿ ಇರುವುದು ಎಫ್ಎಫ್. ಆಮೇಲೆ ಎರಡು ಫೈಲ್ ಹೋಲಿಸುವ ಸಿಎಂಪಿ ಕಮಾಂಡಿಗೆ ಎಲ್ ಆಯ್ಕೆ ಕೊಟ್ಟು ನೋಡಿ. ಅದು ಬೈಟ್ ಎಣಿಸುವುದು 1ರಿಂದ, ಅದೂ ದಶಮಾನದಲ್ಲಿ. ಬೆಲೆ ತೋರಿಸುವುದು ಆಕ್ಟಲ್‌ನಲ್ಲಿ. ಲಿಸ್ಟಿಂಗ್ ಫೈಲಿನ (ಸೋರ್ಸಿನ ಸಾಲುಸಾಲಿಗೂ ವಿಳಾಸ, ಬೈಟ್ ತೋರಿಸುವ ಫೈಲ್) ಹೆಕ್ಸ್ ವಿಳಾಸಕ್ಕೆ ತಾಳೆ ಹಾಕುವಾಗ 1 ಕಳೆದು ಹೆಕ್ಸ್‌ಗೆ ತಿರುಗಿಸಿಕೊಳ್ಳಬೇಕು.

ಕೀಲ್ ಸಿ51ರ ಉಚಿತ ಮೌಲ್ಯಮಾಪನ ಆವೃತ್ತಿಗೆ 2 ಕೆಬಿ ಮಿತಿ ಇದೆ. 89ಎಸ್52ರಲ್ಲಿ 8 ಕೆಬಿ ಫ್ಲ್ಯಾಷ್. ನಿಮ್ಮ ಕೋಡ್ 2 ಕೆಬಿ ದಾಟಿದ್ದರೆ ಉಚಿತದ್ದರಲ್ಲಿ ಲಿಂಕ್ ಆಗಲ್ಲ, ಅಂದರೆ ಕೋಡಿನ ತುಂಡುಗಳು ಸೇರಿ ಕೊನೆಯ ಫೈಲ್ ಆಗಲ್ಲ.

ಕೆಜಿಎಫ್_ಲಿಂಕರ್

ಒಂದೇ ಅಸೆಂಬ್ಲರ್ ಅಂದರೆ ಎಲ್ಲರ ತಲೆಗೂ ಮೊದಲು ಬರುವುದು ಗ್ನೂ ಅಸೆಂಬ್ಲರ್, ಬಿನ್‌ಯುಟಿಲ್ಸ್ ಅನ್ನುವ ಟೂಲ್ ಗುಂಪಿನ ಜೊತೆ ಬರುತ್ತಲ್ಲ ಅದು. ಎಕ್ಸ್86, ಆರ್ಮ್, ಎವಿಆರ್, ರಿಸ್ಕ್-ಫೈವ್, ಎಂಎಸ್‌ಪಿ430, ಝಡ್80 ಎಲ್ಲ ಇದೆ. ಆದರೆ ಅದರಲ್ಲಿ 8051 ಇಲ್ಲ, 8 ಬಿಟ್ ಪಿಕ್ ಕೂಡ ಇಲ್ಲ. ಹಾಗಾಗಿ ಚಿಂತಾಮಣಿಯವರ ಮೂರರಲ್ಲಿ ಅದಕ್ಕೆ ಒಗ್ಗುವುದು ಎವಿಆರ್ ಒಂದೇ.

ನಿಜವಾಗಿ ಒಂದೇ ಪ್ರೋಗ್ರಾಂ ಹತ್ತಾರು ಚಿಪ್ ಹಿಡಿಯಬೇಕು ಅಂದರೆ ಆಲ್ಫ್ರೆಡ್ ಆರ್ನಾಲ್ಡ್ ಬರೆದ ಎಎಸ್ ಮ್ಯಾಕ್ರೋ ಅಸೆಂಬ್ಲರ್ ಇದೆ. ಸೋರ್ಸ್ ಫೈಲಿನ ಮೊದಲಲ್ಲೇ ಸಿಪಿಯು ಅಂತ ಬರೆದು ಚಿಪ್ ಹೆಸರು ಕೊಟ್ಟರೆ ಆಯ್ತು. ಬರುವ ಔಟ್‌ಪುಟ್ ಅದರದೇ ರೂಪದ್ದು, ಪಿ2ಹೆಕ್ಸ್ ಅಥವಾ ಪಿ2ಬಿನ್‌ನಲ್ಲಿ ತಿರುಗಿಸಿಕೊಳ್ಳಬೇಕು. ಇಡೀ ಪ್ರೋಗ್ರಾಂ ಅಸೆಂಬ್ಲಿಯಲ್ಲೇ ಇದ್ದು ವಿಳಾಸಗಳನ್ನೆಲ್ಲ ನೀವೇ ಕೊಡುವ ಹಾಗಿದ್ದರೆ ಚೆನ್ನಾಗಿ ನಡೆಯುತ್ತೆ. ಸಿ ಕೋಡ್ ಜೊತೆ ಲಿಂಕ್ ಮಾಡಬೇಕಾದ ಕೆಲಸಕ್ಕೆ ಅದನ್ನು ಹಿಡಿಯಬೇಡಿ.

ವಾಸ್ಮ್ ಕೂಡ ಇದೇ ಜಾತಿಯದು. 6502, ಝಡ್80, 68000, ಆರ್ಮ್ ಇತ್ಯಾದಿಗೆ ಬೇರೆಬೇರೆ ಬ್ಯಾಕೆಂಡ್. ಬರೆಯುವ ಶೈಲಿಗೂ ಬೇರೆಬೇರೆ ಮಾಡ್ಯೂಲ್. ಹಳೆ ಹೋಮ್ ಕಂಪ್ಯೂಟರ್ ಕೆಲಸ ಮಾಡುವವರಿಗೆ ಅದು ಹೆಚ್ಚು ಉಪಯೋಗ.

ಮಾಲೂರು_ಪಿಕ್

ಪಿಕ್ ಬಗ್ಗೆ ನಾನು ಹೇಳ್ತೀನಿ. ಎಂಪಿಆಸ್ಮ್ ಇದ್ದ ಕೊನೆಯ ಎಂಪಿಲ್ಯಾಬ್ ಎಕ್ಸ್ ಆವೃತ್ತಿ 5.35. 5.40ರಿಂದ ಮುಂದೆ ಅದನ್ನು ತೆಗೆದುಬಿಟ್ಟರು. ಅದರ ಜಾಗಕ್ಕೆ ಎಕ್ಸ್‌ಸಿ8 ಸಿ ಕಂಪೈಲರ್ ಜೊತೆ ಬರುವ ಪಿಕ್-ಎಎಸ್. ಹೆಸರು ಮಾತ್ರ ಹತ್ತಿರ, ಬರೆಯುವ ಕ್ರಮ ಬೇರೆಯೇ. ಹಳೆ ಸೋರ್ಸನ್ನು ಹಾಗೇ ಹಾಕಿದರೆ ಎರರ್ ರಾಶಿ ಬರುತ್ತೆ. ಅದಕ್ಕೆ ಹೆದರಬೇಕಿಲ್ಲ, ಎರರ್ ಕಣ್ಣಿಗೆ ಕಾಣುತ್ತೆ. ಹೆದರಬೇಕಾದ್ದು ಎರರೇ ಬಾರದೆ ಅರ್ಥ ಬದಲಾಗುವುದಕ್ಕೆ.

ಎಂಪಿಆಸ್ಮ್‌ನಲ್ಲಿ ಏನೂ ಹೇಳದಿದ್ದರೆ ಸಂಖ್ಯೆ ಹೆಕ್ಸ್. ಪಿಕ್-ಎಎಸ್‌ನಲ್ಲಿ ದಶಮಾನ. ‘ಮೂವ್‌ಎಲ್‌ಡಬ್ಲ್ಯು 20’ ಅಂತ ಬರೆದಿದ್ದರೆ ಮೊದಲನೆಯದರಲ್ಲಿ ಅದು 32, ಎರಡನೆಯದರಲ್ಲಿ 20. ಎರಡರಲ್ಲೂ ಸದ್ದಿಲ್ಲದೆ ಅಸೆಂಬಲ್ ಆಗುತ್ತೆ. ಡಿಲೇ ಕೌಂಟರ್‌ನಲ್ಲಿ ಹೀಗಾದರೆ ಸ್ಟಾರ್-ಡೆಲ್ಟಾ (ಕಡಿಮೆ ವೋಲ್ಟೇಜಿನ ಶುರುವಿನಿಂದ ಪೂರ್ತಿ ವೋಲ್ಟೇಜಿಗೆ) ಬದಲಾಗುವ ಹೊತ್ತೇ ಕಡಿಮೆಯಾಗಿ ಮೋಟರ್ ಪೂರ್ತಿ ವೇಗಕ್ಕೆ ಬರುವ ಮುಂಚೆಯೇ ಡೆಲ್ಟಾಕ್ಕೆ ಬೀಳುತ್ತೆ. ಪೋರ್ಟ್ ಮಾಡುವ ಮುಂಚೆ ಸೋರ್ಸಿನ ಎಲ್ಲ ಬರಿ ಸಂಖ್ಯೆಗಳಿಗೂ 0ಎಕ್ಸ್ ಸೇರಿಸಿ, ಎಂಪಿಆಸ್ಮ್‌ನಲ್ಲೇ ಇನ್ನೊಮ್ಮೆ ಬಿಲ್ಡ್ ಮಾಡಿ, ಹೆಕ್ಸ್ ಬದಲಾಗಿಲ್ಲ ಅಂತ ನೋಡಿಕೊಂಡು ಆಮೇಲೆ ಮುಂದಕ್ಕೆ ಹೋಗಿ. ಈ ಒಂದು ಹೆಜ್ಜೆ ಬಿಡಬೇಡಿ.

ಎರಡನೆಯದು ಪಿಸೆಕ್ಟ್, ಅಂದರೆ ಹೆಸರಿಟ್ಟ ಕೋಡಿನ ತುಂಡು. 16ಎಫ್ ಸರಣಿಯಲ್ಲಿ ಪ್ರೋಗ್ರಾಂ ಮೆಮೊರಿಯ ಒಂದೊಂದು ವಿಳಾಸಕ್ಕೂ ಒಂದು 14 ಬಿಟ್ ಪದ. ನೀವೇ ಬರೆಯುವ ಕೋಡ್ ಪಿಸೆಕ್ಟ್‌ಗೆ ‘ಡೆಲ್ಟಾ=2’ ಕೊಡಲೇಬೇಕು. ಮರೆತರೆ ಲಿಂಕರ್ ವಿಳಾಸವನ್ನು ಬೈಟ್ ಲೆಕ್ಕದಲ್ಲಿ ಹಿಡಿದು ಕೋಡ್ ಎಲ್ಲೋ ಹೋಗಿ ಕೂರುತ್ತೆ. ರೀಸೆಟ್ ವೆಕ್ಟರ್ (ಚಿಪ್ ಶುರುವಾದಾಗ ಮೊದಲು ಹೋಗುವ ಜಾಗ) ಪಿಸೆಕ್ಟ್ 0ನೇ ವಿಳಾಸದಲ್ಲಿ, ಇಂಟರಪ್ಟ್‌ನದು 4ರಲ್ಲಿ ಕೂರಬೇಕು ಅನ್ನುವುದನ್ನೂ ಲಿಂಕರ್ ಆಯ್ಕೆಯಲ್ಲಿ ಹೇಳಬೇಕು. ಪಿಸೆಕ್ಟ್‌ಗೆ ಹೆಸರಿಟ್ಟ ಮಾತ್ರಕ್ಕೆ ಅದು ತಾನಾಗಿ ಆ ಜಾಗಕ್ಕೆ ಹೋಗಲ್ಲ.

ಕಾನ್ಫಿಗ್ ಸಾಲು (ಚಿಪ್ಪಿನ ಮೂಲ ಆಯ್ಕೆಗಳು): ಎಂಪಿಆಸ್ಮ್‌ನ ಹಳೆ ಕ್ರಮದಲ್ಲಿ ಆಯ್ಕೆಗಳ ನಡುವೆ ಆಂಡ್ ಚಿಹ್ನೆ ಇರಬೇಕು. ಆರ್ ಹಾಕಿದರೆ ತೆಗೆಯಬೇಕಾದ ಬಿಟ್‌ಗಳೆಲ್ಲ 1 ಆಗೇ ಉಳಿಯುತ್ತವೆ, ವಾಚ್‌ಡಾಗ್ (ಆಗಾಗ ತಟ್ಟದಿದ್ದರೆ ಚಿಪ್ ರೀಸೆಟ್ ಮಾಡುವ ಟೈಮರ್) ಆನ್ ಆಗಿಯೇ ಇರುತ್ತೆ. ಪಿಕ್-ಎಎಸ್‌ನಲ್ಲಿ ಒಂದೊಂದನ್ನೂ ಹೆಸರು, ಸಮಚಿಹ್ನೆ, ಬೆಲೆ ಅಂತ ಬರೆಯಬೇಕು. 877ಎದಲ್ಲಿ ಎಲ್‌ವಿಪಿ (ಕಡಿಮೆ ವೋಲ್ಟೇಜಿನಲ್ಲಿ ಪ್ರೋಗ್ರಾಂ ಮಾಡುವ ಆಯ್ಕೆ) ಆಫ್ ಮಾಡುವುದನ್ನು ಮರೆಯಬೇಡಿ. ಆನ್ ಇದ್ದರೆ ಆರ್‌ಬಿ3 ಪಿನ್ ನಿಮಗೆ ಸಿಗಲ್ಲ, ತೇಲಿಬಿಟ್ಟರೆ ರಿಲೇ ಗದ್ದಲಕ್ಕೆ ಚಿಪ್ ಪ್ರೋಗ್ರಾಮಿಂಗ್ ಮೋಡ್‌ಗೆ ಹೋಗಿ ನಿಲ್ಲಬಹುದು.

ನನ್ನ ಅಭಿಪ್ರಾಯ: ಬರೀ ನಿರ್ವಹಣೆ ಅಂದರೆ ಲಿನಕ್ಸ್‌ನಲ್ಲಿ ಜಿಪಿಯುಟಿಲ್ಸ್ ಹಾಕಿ ಅದರ ಜಿಪಿಆಸ್ಮ್ ಬಳಸಿ. ಎಂಪಿಆಸ್ಮ್ ಸೋರ್ಸನ್ನು ಬಹುಪಾಲು ಹಾಗೇ ತಗೊಳ್ಳುತ್ತೆ. ಪಿಕ್-ಎಎಸ್‌ಗೆ ಹೋಗುವುದು ಸಿ ಸೇರಿಸುವ ಯೋಚನೆ ಇದ್ದರೆ ಮಾತ್ರ.

ಶಿಡ್ಲಘಟ್ಟ_ಎವಿಆರ್

ಎವಿಆರ್‌ನಲ್ಲೂ ಹೀಗೇ ಮೂರು ಗುಂಡಿ ಇವೆ, ಮೂರೂ ಸದ್ದಿಲ್ಲದವು.

ವಿಳಾಸದ ಲೆಕ್ಕ: ಎವಿಆರ್‌ಆಸ್ಮ್2ರಲ್ಲಿ ಕೋಡ್ ಭಾಗದ ಡಾಟ್ ಆರ್ಗ್ (ಕೋಡ್ ಯಾವ ವಿಳಾಸದಿಂದ ಅಂತ ಹೇಳುವ ಸಾಲು) ಪದದ ಲೆಕ್ಕ, ಒಂದು ಪದ 2 ಬೈಟ್. ಗ್ನೂನಲ್ಲಿ ಬೈಟ್ ಲೆಕ್ಕ. 328ಪಿಯ ಇಂಟ್0 ವೆಕ್ಟರ್ ಅಲ್ಲಿ 0ಎಕ್ಸ್0002, ಇಲ್ಲಿ 0ಎಕ್ಸ್0004. ಹಾಗೇ ಬಿಟ್ಟರೆ ಇಂಟರಪ್ಟ್ ಬಂದಾಗ ತಪ್ಪು ಜಾಗಕ್ಕೆ ಹಾರುತ್ತೆ.

ಫ್ಲ್ಯಾಷ್‌ನಲ್ಲಿರುವ ಟೇಬಲ್: ಫ್ಲ್ಯಾಷ್ ಓದುವ ಎಲ್‌ಪಿಎಂ ಇನ್‌ಸ್ಟ್ರಕ್ಷನ್‌ಗೆ ಬೇಕಿರುವುದು ಬೈಟ್ ವಿಳಾಸ. ಅದಕ್ಕೇ ಎವಿಆರ್‌ಆಸ್ಮ್2ರಲ್ಲಿ ಲೇಬಲನ್ನು 2ರಿಂದ ಗುಣಿಸಿ ಝಡ್ ರಿಜಿಸ್ಟರ್‌ಗೆ ಹಾಕುತ್ತಾರೆ. ಗ್ನೂನಲ್ಲಿ ಲೇಬಲ್ ಆಗಲೇ ಬೈಟ್ ವಿಳಾಸ, ಕೆಳಗಿನ, ಮೇಲಿನ ಬೈಟ್ ತೆಗೆಯುವ ಎಲ್‌ಒ8 ಮತ್ತು ಎಚ್‌ಐ8 ಸಾಕು. ಅಲ್ಲೂ ಗುಣಿಸಿದರೆ ಡಿಸ್‌ಪ್ಲೇಯಲ್ಲಿ ಕಸ ಬರುತ್ತೆ.

ಮೂರನೆಯದೇ ಅತಿ ಕೆಟ್ಟದ್ದು. 328ಪಿಯಲ್ಲಿ ಪೋರ್ಟ್‌ಬಿಗೆ ಐ/ಒ ವಿಳಾಸ 0ಎಕ್ಸ್05, ಡೇಟಾ ಮೆಮೊರಿ ವಿಳಾಸ 0ಎಕ್ಸ್25. ಎವಿಆರ್-ಜಿಸಿಸಿಯ ಹೆಡರ್‌ನಲ್ಲಿ ಪೋರ್ಟ್‌ಬಿ ಅಂದರೆ 0ಎಕ್ಸ್25. ಔಟ್ ಇನ್‌ಸ್ಟ್ರಕ್ಷನ್‌ಗೆ 0ರಿಂದ 0ಎಕ್ಸ್3ಎಫ್ ತನಕ ಅನುಮತಿ ಇರುವುದರಿಂದ ‘ಔಟ್ ಪೋರ್ಟ್‌ಬಿ, ಆರ್16’ ತಕರಾರಿಲ್ಲದೆ ಅಸೆಂಬಲ್ ಆಗುತ್ತೆ. ಆದರೆ ಐ/ಒ ವಿಳಾಸ 0ಎಕ್ಸ್25ರಲ್ಲಿ ಇರುವುದು ಟಿಸಿಸಿಆರ್0ಬಿ! ಪಿನ್ ಬದಲಾಗಲ್ಲ, ಟೈಮರ್0ರ ಪ್ರಿಸ್ಕೇಲರ್ ಬದಲಾಗಿಬಿಡುತ್ತೆ. ಅದೇ ಒಂದು ಬಿಟ್ ಮಾತ್ರ 1 ಮಾಡುವ ಎಸ್‌ಬಿಐ ಬಳಸಿದ್ದರೆ ಅದರ ಮಿತಿ 0ಎಕ್ಸ್1ಎಫ್ ಆದ್ದರಿಂದ ಎರರ್ ಬಂದು ಬಚಾವಾಗುತ್ತೀರಿ. ಪರಿಹಾರ ಸುಲಭ: ಹೆಡರ್ ಸೇರಿಸುವ ಮುಂಚೆ ಎಸ್‌ಎಫ್‌ಆರ್ ಆಫ್‌ಸೆಟ್ ಮ್ಯಾಕ್ರೋವನ್ನು 0 ಅಂತ ಡಿಫೈನ್ ಮಾಡಿ. ಆಗ ಡೇಟಾ ಮೆಮೊರಿ ವಿಳಾಸ ಬೇಡುವ ಎಲ್‌ಡಿಎಸ್, ಎಸ್‌ಟಿಎಸ್ ಬಳಸುವ ಕಡೆ ಕೆಳಗಿನ 64 ರಿಜಿಸ್ಟರ್‌ಗಳಿಗೆ ನೀವೇ 0ಎಕ್ಸ್20 ಕೂಡಿಸಬೇಕು. ಫೈಲಿನ ಎಕ್ಸ್‌ಟೆನ್ಷನ್ ದೊಡ್ಡಕ್ಷರದ ಎಸ್ ಇರಲಿ. ಚಿಕ್ಕಕ್ಷರವಾದರೆ ಪ್ರಿಪ್ರೊಸೆಸರ್ ಓಡಲ್ಲ, ಹೆಡರ್ ಓದುವುದೇ ಇಲ್ಲ.

ಹಳೆ ಸೋರ್ಸ್ ಹಾಗೇ ಇಟ್ಟುಕೊಳ್ಳುವ ಹಾಗಿದ್ದರೆ ಲಿನಕ್ಸ್‌ಗೆ ಎವಿಆರ್‌ಎ ಇದೆ, ಅದು ಎವಿಆರ್‌ಆಸ್ಮ್ ಶೈಲಿಯನ್ನೇ ಓದುತ್ತೆ.

ಕೆಜಿಎಫ್_ಲಿಂಕರ್

ಎವಿಆರ್ ಸೋರ್ಸನ್ನು ಗ್ನೂಗೆ ತಂದುಬಿಡಿ ಅಂತಲೇ ನನ್ನ ಸಲಹೆ. ಒಮ್ಮೆ ಗ್ನೂ ಶೈಲಿ ಕೈಗೆ ಹತ್ತಿದರೆ ಆರ್ಮ್‌ಗೂ ರಿಸ್ಕ್-ಫೈವ್‌ಗೂ ಅದೇ ಡೈರೆಕ್ಟಿವ್, ಅದೇ ಲಿಂಕರ್ ಸ್ಕ್ರಿಪ್ಟ್.

ತಿಪಟೂರು_ಲ್ಯಾಬ್

ಅದೇ ಡೈರೆಕ್ಟಿವ್ ಹೌದು, ಆದರೆ ಅರ್ಥ ಅದೇ ಅಲ್ಲ. ಹೊಸಬರು ಇಲ್ಲೇ ಎಡವುತ್ತಾರೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಕಾಮೆಂಟ್ ಚಿಹ್ನೆ ಗ್ನೂನಲ್ಲಿ ಚಿಪ್‌ಗೊಂದು. ಎಕ್ಸ್86 ಮತ್ತು ರಿಸ್ಕ್-ಫೈವ್‌ಗೆ #, 32 ಬಿಟ್ ಆರ್ಮ್‌ಗೆ @, 64 ಬಿಟ್ ಆರ್ಮ್‌ಗೆ //, ಎವಿಆರ್‌ಗೆ ಅರ್ಧವಿರಾಮ. ಆರ್ಮ್‌ನಲ್ಲಿ ಅರ್ಧವಿರಾಮ ಎಂದರೆ ಕಾಮೆಂಟ್ ಅಲ್ಲ, ಮುಂದಿನ ಇನ್‌ಸ್ಟ್ರಕ್ಷನ್ ಶುರು. ಕೀಲ್‌ನ ಆರ್ಮ್ಆಸ್ಮ್‌ಗೆ ಬರೆದ ಲ್ಯಾಬ್ ಪ್ರೋಗ್ರಾಂಗಳನ್ನು ಗ್ನೂಗೆ ಹಾಕಿದಾಗ ಪ್ರತಿ ಕಾಮೆಂಟಿಗೂ ‘ಬ್ಯಾಡ್ ಇನ್‌ಸ್ಟ್ರಕ್ಷನ್’ ಬರುವುದು ಇದಕ್ಕೇ.

ಡಾಟ್ ವರ್ಡ್ ಎಕ್ಸ್86ರಲ್ಲಿ 2 ಬೈಟ್, ಆರ್ಮ್ ಮತ್ತು ರಿಸ್ಕ್-ಫೈವ್‌ನಲ್ಲಿ 4 ಬೈಟ್. ಡಾಟ್ 2ಬೈಟ್, ಡಾಟ್ 4ಬೈಟ್ ಅಂತ ಬರೆದರೆ ಗೊಂದಲವೇ ಇಲ್ಲ. ಡಾಟ್ ಅಲೈನ್ 4 ಅಂದರೆ ಲಿನಕ್ಸ್ ಎಕ್ಸ್86ರಲ್ಲಿ 4 ಬೈಟಿಗೆ ಹೊಂದಿಸು ಅಂತ, ಆರ್ಮ್‌ನಲ್ಲಿ 2ರ ಘಾತ 4, ಅಂದರೆ 16 ಬೈಟಿಗೆ. ಡಾಟ್ ಬಿಅಲೈನ್ ಅಥವಾ ಡಾಟ್ ಪಿ2ಅಲೈನ್ ಬಳಸಿ. ಇವೆರಡಕ್ಕೆ ಎಲ್ಲ ಕಡೆ ಒಂದೇ ಅರ್ಥ.

ಆರ್ಮ್ಆಸ್ಮ್‌ನಿಂದ ಬರುವವರಿಗೆ: ಏರಿಯಾ ಬದಲು ಡಾಟ್ ಸೆಕ್ಷನ್, ಡಿಸಿಡಿ ಬದಲು ಡಾಟ್ ವರ್ಡ್, ಎಕ್ಸ್‌ಪೋರ್ಟ್ ಬದಲು ಡಾಟ್ ಗ್ಲೋಬಲ್, ಲೇಬಲ್ ಆದ ಮೇಲೆ ಕೋಲನ್. ಆರ್ಮ್ಆಸ್ಮ್‌ನಲ್ಲಿ ಇದಕ್ಕೆ ತಿರುಗುಮುರುಗು: ಲೇಬಲ್ ಮೊದಲ ಕಾಲಮ್‌ನಲ್ಲೇ ಇರಬೇಕು, ಇನ್‌ಸ್ಟ್ರಕ್ಷನ್ ಮೊದಲ ಕಾಲಮ್‌ನಲ್ಲಿ ಇರಲೇಬಾರದು. ಕೀಲ್‌ನ ಆರ್ಮ್ ಟೂಲ್ ಎಂಡಿಕೆ 5.37ರಿಂದ, ಆರ್ಮ್ಆಸ್ಮ್ ಇರುವ ಆರ್ಮ್ ಕಂಪೈಲರ್ 5 ಜೊತೆಗೆ ಬರುವುದಿಲ್ಲ. ಹೊಸದಾಗಿ ಕಲಿಯುವ ಮಕ್ಕಳು ಗ್ನೂ ಶೈಲಿಯಲ್ಲೇ ಶುರು ಮಾಡುವುದು ಒಳ್ಳೆಯದು.

ಚಿಂತಾಮಣಿ_ಸರ್ಕ್ಯೂಟ್

ತುಂಬಾ ಉಪಕಾರ ಮೇಡಂ, ಎಲ್ಲರಿಗೂ. ಹಾಗಾದರೆ ಒಂದೇ ಟೂಲ್ ಅನ್ನುವ ಆಸೆ ಬಿಡ್ತೀನಿ. 8051ಗೆ ಲಿನಕ್ಸ್‌ನಲ್ಲಿ ಯಾವುದು? ಎಸ್‌ಡಿಸಿಸಿ ಅನ್ನುವ ಸಿ ಕಂಪೈಲರ್ ಜೊತೆ ಬರುವ ಎಸ್‌ಡಿಎಎಸ್8051ಗೆ ತರಲು ನೋಡಿದೆ. ಎ51ರಲ್ಲಿ ಬರೀ ಜಂಪ್, ಕಾಲ್ ಅಂತ ಇದ್ದ ಕಡೆ ಅದು ತಗೊಳ್ಳಲಿಲ್ಲ. ಒಂದೇ ಏಟಿಗೆ ಜಂಪ್, ಎಜಂಪ್ ಎಲ್ಲವನ್ನೂ ಎಲ್‌ಜಂಪ್ ಮಾಡಿ, ಕಾಲ್‌ಗಳನ್ನು ಎಲ್‌ಕಾಲ್ ಮಾಡಿದೆ. ಎರರಿಲ್ಲ. ಬೈನರಿ 7 ಬೈಟ್ ದೊಡ್ಡದು. ಬೋರ್ಡಿನಲ್ಲಿ ಹಾಕಿದರೆ ಮ್ಯಾನುಯಲ್ ಮೋಡ್ ಸರಿ. ಆಟೋ ಮೋಡ್ ಆರಿಸಿದರೆ ಏನೇನೋ ಆಗುತ್ತೆ, ಟೈಮರ್ ಮೋಡ್‌ನಲ್ಲೂ ಅಷ್ಟೇ.

ಕ್ಯಾತ್ಸಂದ್ರ_ಹೆಕ್ಸ್

ಮೋಡ್ ಆರಿಸುವ ಜಾಗದಲ್ಲಿ ‘ಜಂಪ್ @ಎ+ಡಿಪಿಟಿಆರ್’ (ಡಿಪಿಟಿಆರ್‌ನ ವಿಳಾಸಕ್ಕೆ ಎ ಕೂಡಿಸಿ ಅಲ್ಲಿಗೆ ಹಾರುವುದು) ಇದೆಯಾ? ಅದಕ್ಕೂ ಮುಂಚಿನ ಸಾಲು ‘ಆರ್‌ಎಲ್ ಎ’ ಆಗಿದೆಯಾ? ನೋಡಿ ಹೇಳಿ.

ಚಿಂತಾಮಣಿ_ಸರ್ಕ್ಯೂಟ್

ಹೌದು ಸರ್. ಆರ್‌ಎಲ್ ಎ, ಆಮೇಲೆ ಡಿಪಿಟಿಆರ್‌ಗೆ ಟೇಬಲ್ ವಿಳಾಸ, ಆಮೇಲೆ ಜಂಪ್ @ಎ+ಡಿಪಿಟಿಆರ್. ಕೆಳಗೆ ಮೂರು ಎಜಂಪ್ ಇದ್ದವು, ಈಗ ಮೂರು ಎಲ್‌ಜಂಪ್.

ಕ್ಯಾತ್ಸಂದ್ರ_ಹೆಕ್ಸ್

ಅಲ್ಲೇ ಇದೆ ಗಂಟು. ಎಜಂಪ್ 2 ಬೈಟ್. ಆರ್‌ಎಲ್ ಎ ಮಾಡಿ ಮೋಡ್ ಸಂಖ್ಯೆಯನ್ನು ಎರಡರಷ್ಟು ಮಾಡಿರುವುದು, ಟೇಬಲಿನ ಒಂದೊಂದು ಮನೆಯೂ 2 ಬೈಟ್ ಅನ್ನುವ ನಂಬಿಕೆಯ ಮೇಲೆ. ಎಲ್‌ಜಂಪ್ 3 ಬೈಟ್. ಮೋಡ್ 0ಕ್ಕೆ ಆಫ್‌ಸೆಟ್ 0, ಸರಿಯಾಗಿ ಹೋಗುತ್ತೆ. ಮೋಡ್ 1ಕ್ಕೆ ಆಫ್‌ಸೆಟ್ 2: ಅದು ಮೊದಲ ಎಲ್‌ಜಂಪ್‌ನ ಮೂರನೇ ಬೈಟ್, ಅಂದರೆ ವಿಳಾಸದ ಕೆಳಭಾಗ. ಅದನ್ನೇ ಆಪ್‌ಕೋಡ್ (ಇನ್‌ಸ್ಟ್ರಕ್ಷನ್ ಯಾವುದು ಅಂತ ಹೇಳುವ ಬೈಟ್) ಅಂತ ಚಿಪ್ ನಡೆಸುತ್ತೆ. ಮೋಡ್ 2ಕ್ಕೆ ಆಫ್‌ಸೆಟ್ 4, ಅದು ಎರಡನೇ ಎಲ್‌ಜಂಪ್‌ನ ನಡುವಿನ ಬೈಟ್. ಮ್ಯಾನುಯಲ್ ಮಾತ್ರ ಸರಿ ಇರುವುದಕ್ಕೆ ಕಾರಣ ಇದೇ.

7 ಬೈಟಿನಲ್ಲಿ 3 ಈ ಟೇಬಲಿನದು. ಉಳಿದ 4 ಎಲ್ಲಿ ಅಂದರೆ, ಎ51 ಬರೀ ಕಾಲ್ ಅಥವಾ ಜಂಪ್ ಕಂಡಾಗ, ಗುರಿ ಹಿಂದೆಯೇ ಬಂದುಹೋಗಿದ್ದು ದೂರ ಸಾಕಾದರೆ 2 ಬೈಟಿನ ರೂಪ ಆರಿಸುತ್ತೆ. ಗುರಿ ಮುಂದೆ ಇದ್ದರೆ ಯಾವಾಗಲೂ 3 ಬೈಟಿನದು. ನಿಮ್ಮಲ್ಲಿ ಹಾಗೆ ಹಿಂದಕ್ಕೆ ಹೋಗುವ ಕಡೆ ನಾಲ್ಕು ಇರಬೇಕು. ಅವುಗಳಿಂದ ಕೆಲಸ ಕೆಡಲ್ಲ, ಹೊತ್ತೂ ಬದಲಾಗಲ್ಲ. ಎಸ್‌ಜಂಪ್, ಎಜಂಪ್, ಎಲ್‌ಜಂಪ್, ಎಕಾಲ್, ಎಲ್‌ಕಾಲ್ ಎಲ್ಲಕ್ಕೂ 2 ಮಷೀನ್ ಸೈಕಲ್. ಆದರೂ ಬೈಟಿಗೆ ಬೈಟ್ ಹೊಂದುವ ತನಕ ಬಿಡಬೇಡಿ.

ಎ51 ಕೊಟ್ಟ ಲಿಸ್ಟಿಂಗ್ ಪಕ್ಕದಲ್ಲಿಟ್ಟುಕೊಂಡು ಆಪ್‌ಕೋಡ್ ನೋಡಿ. 02 ಇದ್ದರೆ ಎಲ್‌ಜಂಪ್, 12 ಇದ್ದರೆ ಎಲ್‌ಕಾಲ್, 80 ಇದ್ದರೆ ಎಸ್‌ಜಂಪ್. ಕೊನೆಯ ಅಂಕಿ 1 ಇದ್ದರೆ ಮೊದಲ ಅಂಕಿ ನೋಡಿ: ಸಮ ಆದರೆ ಎಜಂಪ್ (01, 21, 41, 61 ಹೀಗೆ), ಬೆಸ ಆದರೆ ಎಕಾಲ್ (11, 31, 51, 71 ಹೀಗೆ). ಲಿಸ್ಟಿಂಗ್‌ನಲ್ಲಿ ಯಾವುದು ಇದೆಯೋ ಅದನ್ನೇ ಹೊಸ ಸೋರ್ಸಿನಲ್ಲಿ ಹೆಸರಿಟ್ಟು ಬರೆಯಿರಿ. ಎಜಂಪ್, ಎಕಾಲ್ ಎರಡಕ್ಕೂ ಗುರಿ ಅದೇ 2 ಕೆಬಿ ಪುಟದೊಳಗೆ ಇರಬೇಕು. ಪುಟ ಲೆಕ್ಕಕ್ಕೆ ಬರುವುದು ಮುಂದಿನ ಇನ್‌ಸ್ಟ್ರಕ್ಷನ್‌ನ ವಿಳಾಸದಿಂದ.

‘ಮೂವ್‌ಸಿ ಎ, @ಎ+ಪಿಸಿ’ ಇರುವ ಕಡೆಯೂ ಹುಡುಕಿ. ಅಲ್ಲಿ ಟೇಬಲ್ ಎಷ್ಟು ಬೈಟ್ ದೂರ ಅಂತ ಕೈಯಲ್ಲಿ ಎಣಿಸಿ ‘ಆಡ್ ಎ, #ಸಂಖ್ಯೆ’ ಬರೆದಿರುತ್ತಾರೆ. ನಡುವಿನ ಒಂದು ಜಂಪ್ ಒಂದು ಬೈಟ್ ಬೆಳೆದರೂ ಸೆವೆನ್ ಸೆಗ್ಮೆಂಟ್‌ನಲ್ಲಿ 4ರ ಜಾಗದಲ್ಲಿ 3 ಬರುತ್ತೆ.

ಎಸ್‌ಡಿಎಎಸ್8051ರ ಬೇರೆ ವ್ಯತ್ಯಾಸಗಳು: ಲೇಬಲ್‌ಗೆ ಕೋಲನ್ ಕಡ್ಡಾಯ. 0ಎಫ್ಎಫ್ಎಚ್ ಅನ್ನುವ ಎಚ್ ಬಾಲ ನಡೆಯಲ್ಲ, 0ಎಕ್ಸ್ಎಫ್ಎಫ್ ಬೇಕು. ಡೈರೆಕ್ಟಿವ್‌ಗೆಲ್ಲ ಮುಂದೆ ಡಾಟ್. ಡಾಟ್ ಆರ್ಗ್ ನಡೆಯುವುದು ಅಬ್ಸಲ್ಯೂಟ್ ಅಂತ ಹೇಳಿದ ಏರಿಯಾದಲ್ಲಿ ಮಾತ್ರ. ಇಷ್ಟು ಬದಲಾವಣೆ ಬೇಡ ಅಂದರೆ ಅಸೆಮ್-51 ನೋಡಿ. ಇಂಟೆಲ್ ಶೈಲಿಯನ್ನೇ ಓದುತ್ತೆ, ಲಿನಕ್ಸ್‌ಗೂ ಇದೆ, ಹೆಕ್ಸ್ ನೇರ ಕೊಡುತ್ತೆ, ಲಿಂಕರ್ ಗೋಜಿಲ್ಲ. ಪೂರ್ತಿ ಅಸೆಂಬ್ಲಿಯ ಒಂದೇ ಫೈಲ್ ಆದರೆ ನಾನು ಅದನ್ನೇ ಹೇಳುತ್ತೇನೆ. ಮುಂದೆ ಸಿ ಸೇರಿಸುವುದಿದ್ದರೆ ಮಾತ್ರ ಎಸ್‌ಡಿಎಎಸ್.

ಯಾವುದನ್ನೇ ಹಿಡಿದರೂ 89ಎಸ್52ರಲ್ಲಿ ಮೂಲ 8051ಗಿಂತ ಹೆಚ್ಚಾಗಿರುವ ರಿಜಿಸ್ಟರ್‌ಗಳ ಹೆಸರು ಅದಕ್ಕೆ ಗೊತ್ತಿದೆಯಾ ನೋಡಿ. ಎ51ಗೆ ತಾನಾಗಿ ಗೊತ್ತಿರುವುದು ಮೂಲ 8051ರವು ಮಾತ್ರ. ಟಿ2ಕಾನ್ 0ಸಿ8ಎಚ್‌ನಲ್ಲಿದೆ, ವಾಚ್‌ಡಾಗ್ ರೀಸೆಟ್ ರಿಜಿಸ್ಟರ್ 0ಎ6ಎಚ್‌ನಲ್ಲಿ. ವಾಚ್‌ಡಾಗ್‌ಗೆ ಮೊದಲು 1ಇಎಚ್, ಆಮೇಲೆ 0ಇ1ಎಚ್ ಬರೆಯಬೇಕು. 14 ಬಿಟ್ ಕೌಂಟರ್ ಆದ್ದರಿಂದ 12 ಮೆಗಾಹರ್ಟ್ಸ್‌ನಲ್ಲಿ ಸುಮಾರು 16 ಮಿಲಿಸೆಕೆಂಡಿನೊಳಗೆ ಒಮ್ಮೆ ತಟ್ಟಬೇಕು.

ಮಾಲೂರು_ಪಿಕ್

8051ಗೆ ಇನ್ನೊಂದು. 89ಎಸ್52 ಸಿಗದಿದ್ದಾಗ ಎಸ್.ಪಿ. ರಸ್ತೆಯಿಂದ ಎಸ್‌ಟಿಸಿ ಚಿಪ್ ತಂದು ಹಾಕುವವರು ಇದ್ದಾರೆ. ಎಸ್‌ಟಿಸಿ89ಸಿ52 ಆದರೆ ಒಂದು ಮಷೀನ್ ಸೈಕಲ್‌ಗೆ 12 ಕ್ಲಾಕಿನದು, ಡಿಲೇ ಲೂಪ್ ಹೊಂದುತ್ತೆ. ಎಸ್‌ಟಿಸಿ12 ಸರಣಿ 1 ಕ್ಲಾಕಿನದು. ಅದೇ ಹೆಕ್ಸ್ ಹಾಕಿದರೆ ಡಿಜೆಎನ್‌ಝಡ್ (ಸೊನ್ನೆ ಆಗುವ ತನಕ ಒಂದೊಂದೇ ಕಳೆಯುವ) ಡಿಲೇಗಳೆಲ್ಲ ಹಲವು ಪಟ್ಟು ಬೇಗ ಮುಗಿಯುತ್ತವೆ. ಇದನ್ನು ಯಾವ ಅಸೆಂಬ್ಲರೂ ಎಚ್ಚರಿಸಲ್ಲ.

ಕ್ರಿಸ್ಟಲ್ ಬದಲಿಸುವಾಗಲೂ ಅಷ್ಟೇ. 11.0592 ಮೆಗಾಹರ್ಟ್ಸ್‌ನಲ್ಲಿ ಟಿಎಚ್1ಗೆ 0ಎಫ್‌ಡಿಎಚ್ ಹಾಕಿದರೆ 9600 ಬಾಡ್ ಸರಿಯಾಗಿ ಬರುತ್ತೆ. 12 ಹಾಕಿದರೆ ಅದೇ ಸಂಖ್ಯೆಗೆ 10417 ಬಾಡ್, ಶೇ. 8.5 ತಪ್ಪು. ಸೀರಿಯಲ್‌ನಲ್ಲಿ ಕಸವೇ ಗತಿ.

ತಿಪಟೂರು_ಲ್ಯಾಬ್

ಈ ಚರ್ಚೆ ಓದುವ ವಿದ್ಯಾರ್ಥಿಗಳೂ ಇರುತ್ತಾರೆ, 8086 ಬಗ್ಗೆ ಚಿಕ್ಕದಾಗಿ. ಲ್ಯಾಬ್‌ನಲ್ಲಿ ಕೇಳುವುದು ಮಾಸ್ಮ್ ಶೈಲಿ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ನಡೆಯುವುದೇ ಇಲ್ಲ, ಡಾಸ್‌ಬಾಕ್ಸ್ ಬೇಕು. ಮಾಸ್ಮ್‌ಗೆ ಹೊಂದುವ ಮುಕ್ತ ತಂತ್ರಾಂಶ ಬೇಕಾದರೆ ಜೆವಾಸ್ಮ್. ಎಂಝಡ್ ಆಯ್ಕೆ ಕೊಟ್ಟರೆ ಲಿಂಕರ್ ಇಲ್ಲದೆ ನೇರವಾಗಿ ಡಾಸ್ ಇಎಕ್ಸ್ಇ ಕೊಡುತ್ತದೆ.

ನ್ಯಾಸ್ಮ್ ಬಳಸುವವರು ಒಂದು ನೆನಪಿಡಿ. ‘ಮೂವ್ ಎಎಕ್ಸ್, ಸಂಖ್ಯೆ’ ಎಂದರೆ ಮಾಸ್ಮ್‌ನಲ್ಲಿ ಆ ವೇರಿಯಬಲ್‌ನ ಒಳಗಿರುವುದು, ನ್ಯಾಸ್ಮ್‌ನಲ್ಲಿ ಅದರ ವಿಳಾಸ. ಒಳಗಿರುವುದು ಬೇಕಾದರೆ ಚೌಕ ಆವರಣ ಹಾಕಬೇಕು. ವೇರಿಯಬಲ್‌ನ ಗಾತ್ರವನ್ನೂ ನ್ಯಾಸ್ಮ್ ನೆನಪಿಡುವುದಿಲ್ಲ. ಮೆಮೊರಿಗೆ ನೇರ ಸಂಖ್ಯೆ ಬರೆಯುವಾಗ ಬೈಟೋ ವರ್ಡೋ ನೀವೇ ಹೇಳಬೇಕು. ನಿಜವಾದ 8086 ಕಿಟ್‌ಗೆ ಕೋಡ್ ಹಾಕುವುದಿದ್ದರೆ ಸೋರ್ಸಿನ ಮೊದಲಲ್ಲಿ ‘ಸಿಪಿಯು 8086’ ಬರೆಯಿರಿ. ಇಲ್ಲದಿದ್ದರೆ ‘ಎಸ್‌ಎಚ್‌ಎಲ್ ಎಎಕ್ಸ್, 4’ ಥರದ 80186ರಿಂದ ಬಂದ ಇನ್‌ಸ್ಟ್ರಕ್ಷನ್‌ಗಳನ್ನು ಸುಮ್ಮನೆ ಒಪ್ಪಿಕೊಳ್ಳುತ್ತದೆ. ಡಾಸ್‌ಬಾಕ್ಸ್‌ನಲ್ಲಿ ನಡೆದದ್ದು ಕಿಟ್‌ನಲ್ಲಿ ನಿಂತುಹೋಗುತ್ತದೆ.

64 ಬಿಟ್ ಲಿನಕ್ಸ್‌ನಲ್ಲಿ ಸಿ ಜೊತೆ ಲಿಂಕ್ ಮಾಡುವಾಗ ಪಿಐಇ (ಯಾವ ವಿಳಾಸದಲ್ಲಾದರೂ ನಡೆಯುವ ಪ್ರೋಗ್ರಾಂ) ಕುರಿತ ರಿಲೊಕೇಷನ್ ಎರರ್ ಬಂದರೆ ನ್ಯಾಸ್ಮ್ ಫೈಲಿನ ಮೇಲ್ಗಡೆ ‘ಡಿಫಾಲ್ಟ್ ರೆಲ್’ ಬರೆಯಿರಿ. ಫಂಕ್ಷನ್ ಕರೆಯುವ ಹೊತ್ತಿಗೆ ಸ್ಟ್ಯಾಕ್ 16 ಬೈಟಿಗೆ ಹೊಂದಿರಬೇಕು, ಇಲ್ಲದಿದ್ದರೆ ಪ್ರಿಂಟ್‌ಎಫ್ ಒಳಗೆ ಕ್ರ್ಯಾಶ್ ಆಗಬಹುದು.

ಕೆಜಿಎಫ್_ಲಿಂಕರ್

ಮೇಡಂ ಹೇಳಿದ ಡಾಟ್ ವರ್ಡ್, ಅಲೈನ್ ವಿಷಯ ಒಪ್ಪಿದೆ. ನನ್ನ ಮಾತನ್ನು ಹೀಗೆ ತಿದ್ದಿಕೊಳ್ಳುತ್ತೇನೆ: ಹಳೆಯದಕ್ಕೆ ಅದರದೇ ಅಸೆಂಬ್ಲರ್, ಹೊಸದಕ್ಕೆ ಮಾತ್ರ ಗ್ನೂ.

ಚಿಂತಾಮಣಿಯವರ ಎರಡನೇ ಪ್ರಶ್ನೆಗೆ. ಹೊಸ ಬೋರ್ಡಿಗೆ ಸಿಎಚ್32ವಿ003 ನೋಡಬಹುದು. ರಿಸ್ಕ್-ಫೈವ್, 48 ಮೆಗಾಹರ್ಟ್ಸ್, 16 ಕೆಬಿ ಫ್ಲ್ಯಾಷ್, 2 ಕೆಬಿ ರ್‍ಯಾಮ್, 5 ವೋಲ್ಟ್‌ನಲ್ಲೂ ನಡೆಯುತ್ತೆ, ಹಾಗಾಗಿ ನಿಮ್ಮ ಈಗಿನ ಪವರ್ ಸಪ್ಲೈ ಭಾಗ ಬದಲಿಸಬೇಕಿಲ್ಲ. ಅದು ಆರ್‌ವಿ32ಇಸಿ, ರಿಜಿಸ್ಟರ್ 32 ಅಲ್ಲ, 16 ಮಾತ್ರ. ಅಸೆಂಬ್ಲರ್‌ಗೆ ಮಾರ್ಚ್ ಆಯ್ಕೆಯಲ್ಲಿ ಆರ್‌ವಿ32ಇಸಿ, ಎಬಿಐ ಆಯ್ಕೆಯಲ್ಲಿ ಐಎಲ್‌ಪಿ32ಇ ಕೊಡಿ. ಹಾಗೆ ಕೊಟ್ಟರೆ ಎಕ್ಸ್16ರಿಂದ ಮೇಲಿನದನ್ನು ಬಳಸಿದ ಕೂಡಲೇ ಎರರ್ ಬರುತ್ತೆ. ಆರ್‌ವಿ32ಐ ಅಂತ ಕೊಟ್ಟರೆ ಎರರಿಲ್ಲದೆ ಅಸೆಂಬಲ್ ಆಗಿ ಚಿಪ್ಪಿನಲ್ಲಿ ಟ್ರ್ಯಾಪ್ ಆಗುತ್ತೆ.

ಬಿನ್‌ಯುಟಿಲ್ಸ್ 2.38ರಿಂದ ಸಿಎಸ್‌ಆರ್ (ನಿಯಂತ್ರಣ ಮತ್ತು ಸ್ಥಿತಿ ರಿಜಿಸ್ಟರ್) ಇನ್‌ಸ್ಟ್ರಕ್ಷನ್‌ಗಳಿಗೆ ಮಾರ್ಚ್ ಹೆಸರಿನ ಕೊನೆಗೆ ಅಡಿಗೆರೆ ಹಾಕಿ ಝಿಸಿಎಸ್‌ಆರ್ ಅಂತ ಸೇರಿಸಬೇಕು. ಅಂತರ್ಜಾಲದಲ್ಲಿ ಸಿಗುವ ಹಳೆ ಮೇಕ್‌ಫೈಲ್‌ಗಳಲ್ಲಿ ಇದಿರಲ್ಲ. ‘ಎಕ್ಸ್‌ಟೆನ್ಷನ್ ಝಿಸಿಎಸ್‌ಆರ್ ರಿಕ್ವೈರ್ಡ್’ ಅಂತ ಬಂದರೆ ಚಿಪ್ ತಪ್ಪಲ್ಲ, ಆ ಸಾಲು ತಿದ್ದಿದರೆ ಆಯ್ತು. ಜಿಪಿ (ಗ್ಲೋಬಲ್ ಡೇಟಾದ ವಿಳಾಸ ಇಡುವ) ರಿಜಿಸ್ಟರ್ ತುಂಬುವ ಸಾಲಿನ ಸುತ್ತ ‘ಡಾಟ್ ಆಪ್ಷನ್ ನೋರಿಲ್ಯಾಕ್ಸ್’ ಇರಲಿ. ಇಲ್ಲದಿದ್ದರೆ ಲಿಂಕರ್ ಆ ಸಾಲನ್ನೇ ಚಿಕ್ಕದು ಮಾಡಲು ಹೋಗಿ, ಇನ್ನೂ ತುಂಬದ ಜಿಪಿಯಿಂದಲೇ ಜಿಪಿ ತುಂಬುವ ಕೋಡ್ ಮಾಡಿಬಿಡುತ್ತೆ.

ಆರ್ಮ್ ಕಾರ್ಟೆಕ್ಸ್-ಎಂ ಹಿಡಿದರೆ ‘ಡಾಟ್ ಸಿಂಟ್ಯಾಕ್ಸ್ ಯೂನಿಫೈಡ್’ ಮತ್ತು ಪ್ರತಿ ಹ್ಯಾಂಡ್ಲರ್ ಮುಂದೆ ‘ಡಾಟ್ ಥಂಬ್‌ಫಂಕ್’. ಎರಡನೆಯದು ಬಿಟ್ಟರೆ ವೆಕ್ಟರ್ ಟೇಬಲಿನ ವಿಳಾಸದ ಕೊನೆಯ ಬಿಟ್ 0 ಆಗಿ ಮೊದಲ ಇನ್‌ಸ್ಟ್ರಕ್ಷನ್‌ಗೇ ಹಾರ್ಡ್‌ಫಾಲ್ಟ್. ಎನ್‌ಎಕ್ಸ್‌ಪಿ ಚಿಪ್ ಆದರೆ ಇನ್ನೊಂದು: ಎಲ್‌ಪಿಸಿ2148ರಲ್ಲಿ 0ಎಕ್ಸ್14ರಲ್ಲಿ, ಎಲ್‌ಪಿಸಿ1768ರಲ್ಲಿ 0ಎಕ್ಸ್1ಸಿಯಲ್ಲಿ ವೆಕ್ಟರ್‌ಗಳ ಚೆಕ್‌ಸಮ್ ಇರಬೇಕು. ಅದು ಸರಿಯಿಲ್ಲದಿದ್ದರೆ ಬೂಟ್‌ಲೋಡರ್ ನಿಮ್ಮ ಕೋಡನ್ನು ಲೆಕ್ಕಕ್ಕೇ ತಗೊಳ್ಳಲ್ಲ, ಐಎಸ್‌ಪಿಯಲ್ಲೇ (ಹೊಸ ಕೋಡ್ ಹಾಕಿಸಿಕೊಳ್ಳುವ ಮೋಡ್) ಕೂತಿರುತ್ತೆ. ಗ್ನೂ ಅದನ್ನು ತುಂಬಲ್ಲ.

ಶಿಡ್ಲಘಟ್ಟ_ಎವಿಆರ್

ಅಣ್ಣ, ಸಿಎಚ್32 ಒಳ್ಳೆ ಚಿಪ್, ಆದರೆ ಅವರ ಹತ್ತಿರ ಎವಿಆರ್ ಕೋಡ್ ಆಗಲೇ ಇದೆ. ಹೊಸ ಬೋರ್ಡೂ ಸ್ಟಾರ್ಟರ್ ಬೋರ್ಡೇ ಆದರೆ 328ಪಿಯಲ್ಲೇ ಮುಂದುವರಿದು, ಆ ಒಂದು ಸೋರ್ಸನ್ನು ಮಾತ್ರ ಗ್ನೂಗೆ ತರುವುದು ಕಡಿಮೆ ಅಪಾಯದ್ದು. ಫೇಸ್ ತಪ್ಪಿದಾಗ ಮೋಟರ್ ನಿಲ್ಲಿಸುವ ಭಾಗ ಇಷ್ಟು ವರ್ಷ ತೋಟದಲ್ಲಿ ನಡೆದು ಸಾಬೀತಾಗಿದೆ. ಚಿಪ್ ಬದಲಿಸಿದರೆ ಅದನ್ನು ಮೊದಲಿಂದ ಪರೀಕ್ಷೆ ಮಾಡಬೇಕು.

ಕೆಜಿಎಫ್_ಲಿಂಕರ್

ಅದೂ ಸರಿಯೇ. ಕಾಂಟ್ಯಾಕ್ಟರ್ ಮೇಲೆ ಹಿಡಿತ ಇರುವ ಕೋಡ್ ಅಂದ ಮೇಲೆ ಆ ಮಾತಿಗೆ ತೂಕ ಹೆಚ್ಚು.

ಚಿಂತಾಮಣಿ_ಸರ್ಕ್ಯೂಟ್

ಟೇಬಲಿನ ಮೂರನ್ನೂ ಎಜಂಪ್‌ಗೆ ವಾಪಸ್ ತಂದೆ, ಲಿಸ್ಟಿಂಗ್ ನೋಡಿ ನಾಲ್ಕು ಕಡೆ ಎಕಾಲ್ ಮಾಡಿದೆ. ಗಾತ್ರ ಈಗ ಸಮ. ಸಿಎಂಪಿ ಇನ್ನೂ ಎರಡು ಬೈಟ್ ತೋರಿಸುತ್ತೆ: 292ನೇ ಬೈಟ್, ಬೆಲೆ 60 ಮತ್ತು 36; 295ನೇ ಬೈಟ್, ಬೆಲೆ 50 ಮತ್ತು 31. ಮೊದಲನೆಯದು ಎ51ದು, ಎರಡನೆಯದು ನನ್ನದು.

ಕ್ಯಾತ್ಸಂದ್ರ_ಹೆಕ್ಸ್

292ರಿಂದ 1 ಕಳೆದರೆ 291, ಹೆಕ್ಸ್‌ನಲ್ಲಿ 0123. ಇನ್ನೊಂದು 294, ಅಂದರೆ 0126. ಬೆಲೆ ಆಕ್ಟಲ್: 60 ಅಂದರೆ 30ಎಚ್, 36 ಅಂದರೆ 1ಇಎಚ್. 50 ಅಂದರೆ 28ಎಚ್, 31 ಅಂದರೆ 19ಎಚ್. 1ಇಎಚ್ ಅಂದರೆ ದಶಮಾನದ 30. 19ಎಚ್ ಅಂದರೆ 25. 28ಎಚ್ ಅಂದರೆ 40.

ಮೊದಲನೆಯದರಲ್ಲಿ ಮೂಲ ಸೋರ್ಸಿನಲ್ಲಿ 30ಎಚ್ ಇತ್ತು, ಎಚ್ ಬಾಲ ತೆಗೆಯುವಾಗ ಮುಂದೆ 0ಎಕ್ಸ್ ಹಾಕುವುದು ಬಿಟ್ಟುಹೋಗಿದೆ. ಎರಡನೆಯದು ಹಾಗಲ್ಲ, ಎ51ರ ಹೆಕ್ಸ್‌ನಲ್ಲಿ 40, ನಿಮ್ಮದರಲ್ಲಿ 25. ಆ ಸಾಲಿನ ಬೆಲೆ ಒಂದು ಈಕ್ಯೂಯು (ಸಂಖ್ಯೆಗೆ ಹೆಸರು ಕೊಡುವ ಸಾಲು) ಹೆಸರಿನಿಂದ ಬರುತ್ತಿರಬೇಕು. ಎರಡೂ ಸೋರ್ಸಿನಲ್ಲಿ ಆ ಹೆಸರಿಗೆ ಏನು ಕೊಟ್ಟಿದೆ ಅಂತ ತಾಳೆ ನೋಡಿ. ಇಂಥದ್ದು ಸಾಮಾನ್ಯವಾಗಿ ಡ್ರೈ ರನ್ (ನೀರಿಲ್ಲದೆ ಪಂಪ್ ಓಡುವುದು) ಮಿತಿಯೋ ಡಿಲೇ ಎಣಿಕೆಯೋ ಆಗಿರುತ್ತೆ. ಯಾವ ಆವೃತ್ತಿಯ ಬೆಲೆ ಸರಿ ಅನ್ನುವುದನ್ನು ಸೋರ್ಸ್ ಹೇಳಲ್ಲ, ಬೋರ್ಡಿನಲ್ಲಿ ನಡೆಯುತ್ತಿರುವ ಚಿಪ್ಪನ್ನು ಓದಿ 0126ರಲ್ಲಿ ಏನಿದೆ ನೋಡಿ, ಅದನ್ನು ಹಿಡಿಯಿರಿ.

ಚಿಂತಾಮಣಿ_ಸರ್ಕ್ಯೂಟ್

ಮೊದಲನೆಯದು ನೀವು ಹೇಳಿದ ಹಾಗೇ, 0ಎಕ್ಸ್ ಬಿಟ್ಟಿತ್ತು. ಎರಡನೆಯದು ಡ್ರೈ ರನ್ ಎಣಿಕೆ. ಎ51 ಸೋರ್ಸಿನಲ್ಲಿ 40, ನಾನು ತಿದ್ದಲು ತೆಗೆದುಕೊಂಡ ಪ್ರತಿಯಲ್ಲಿ 25. ಚಿಪ್ಪಿನಲ್ಲಿ 28ಎಚ್ ಇದೆ. 40 ಮಾಡಿದೆ. ಸಿಎಂಪಿ ಈಗ ಏನೂ ತೋರಿಸುತ್ತಿಲ್ಲ.

ಕ್ಯಾತ್ಸಂದ್ರ_ಹೆಕ್ಸ್

ಈಗ ಆ ಬೈನರಿಯನ್ನು, ಅದರ ಲಿಸ್ಟಿಂಗನ್ನು, ಅಸೆಂಬ್ಲರ್‌ನ ಆವೃತ್ತಿ ಸಂಖ್ಯೆಯನ್ನು ಒಂದೇ ಫೋಲ್ಡರ್‌ನಲ್ಲಿ ಇಡಿ. 25 ಇದ್ದ ಪ್ರತಿಯನ್ನು ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸಿ. ಇನ್ನು ಪಿಕ್ ಕಡೆಗೆ ಹೋಗಬಹುದು. ಶುರು ಮಾಡುವುದು ಆ 0ಎಕ್ಸ್ ಸೇರಿಸುವ ಹೆಜ್ಜೆಯಿಂದಲೇ.